ದುಡ್ಡು ಯಾರದು ಎಂಬುದರ ಜೊತೆಗೆ ಹೋಲಿಕೆ ಯಾವುದರೊಂದಿಗೆ ಎಂಬುದನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ಹೃದ್ರೋಗಕ್ಕೆ ಹೊಸ ಮಾತ್ರೆಯೋ ಹೊಸ ಸ್ಟೆಂಟೋ ಬಂದಾಗಲೆಲ್ಲ ಪತ್ರಿಕೆಗಳ ಆರೋಗ್ಯ ಪುಟದಲ್ಲಿ ಒಂದೇ ಅಚ್ಚಿನ ಸುದ್ದಿ ಬರುತ್ತದೆ. ಇಷ್ಟು ಸಾವಿರ ರೋಗಿಗಳ ಮೇಲೆ ಪ್ರಯೋಗ ನಡೆಯಿತು, ಅಪಾಯ ಶೇ 20ರಷ್ಟು ತಗ್ಗಿತು, ತಜ್ಞರು ಮೆಚ್ಚಿದರು. ಪ್ರಯೋಗಕ್ಕೆ ದುಡ್ಡು ಹಾಕಿದವರು ಯಾರೆಂಬ ಸಾಲು ಹೆಚ್ಚಿನ ಸಲ ಇರುವುದೇ ಇಲ್ಲ. ಮರುವಾರ ಓದುಗರ ಅಂಕಣದಲ್ಲಿ ಇದಕ್ಕೆ ತಿರುಗೇಟು: ‘ಎಲ್ಲ ಕಂಪನಿಗಳ ಆಟ, ಒಂದನ್ನೂ ನಂಬಬೇಡಿ.’ ಮೊದಲನೆಯದು ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಧಾಟಿ. ಎರಡನೆಯದು ಎತ್ತನ್ನೂ ನೋಡದೆ ಕೊಟ್ಟಿಗೆಗೇ ಬೆಂಕಿ ಇಡುವ ಧಾಟಿ. ಮಾತ್ರೆ ನುಂಗಬೇಕಾದವರಿಗೆ ಎರಡರಿಂದಲೂ ಉಪಯೋಗವಿಲ್ಲ. ಪ್ರಯೋಗದೊಳಗೆ ಹಣ ಎಲ್ಲೆಲ್ಲಿ ಕೈಯಾಡಿಸುತ್ತದೆ ಎಂಬುದು ಗೊತ್ತಿದ್ದರೆ ಯಾವ ಪ್ರಶ್ನೆ ಕೇಳಬೇಕೆಂಬುದೂ ಗೊತ್ತಾಗುತ್ತದೆ. ಪತ್ರ ಉದ್ದವಾಗಿದೆ, ಕತ್ತರಿ ಹಾಕುವುದಾದರೆ ದಯವಿಟ್ಟು ಅಂಕಿಗಳನ್ನು ಉಳಿಸಿಕೊಳ್ಳಿ.

ಮೊದಲು ಲೆಕ್ಕ. 2000ರಿಂದ 2005ರ ಮಧ್ಯದವರೆಗೆ ಮೂರು ಹೆಸರಾಂತ ವೈದ್ಯಕೀಯ ಪತ್ರಿಕೆಗಳಲ್ಲಿ (ಜಾಮಾ, ಲ್ಯಾನ್ಸೆಟ್, ನ್ಯೂ ಇಂಗ್ಲೆಂಡ್ ಜರ್ನಲ್) ಬಂದ 324 ಹೃದ್ರೋಗ ಪ್ರಯೋಗಗಳನ್ನು ಪಾಲ್ ರಿಡ್ಕರ್ ಮತ್ತು ಹೋಸೆ ಟೊರೆಸ್ 2006ರಲ್ಲಿ ಜಾಲಾಡಿದರು. ಬರೀ ಲಾಭರಹಿತ ಸಂಸ್ಥೆಗಳ ಹಣದಲ್ಲಿ ನಡೆದ 104 ಪ್ರಯೋಗಗಳಲ್ಲಿ ಹೊಸ ಚಿಕಿತ್ಸೆ ಗೆದ್ದದ್ದು 51ರಲ್ಲಿ, ಅಂದರೆ ಶೇ 49. ಬರೀ ಕಂಪನಿಗಳ ಹಣದಲ್ಲಿ ನಡೆದ 137ರಲ್ಲಿ ಗೆದ್ದದ್ದು 92, ಶೇ 67.2. ಎರಡೂ ಕಡೆಯ ಹಣ ಬೆರೆತಲ್ಲಿ ಶೇ 56.5, ಎರಡರ ನಡುವೆ. ಔಷಧಗಳನ್ನಷ್ಟೇ ತೆಗೆದುಕೊಂಡರೆ ಲಾಭರಹಿತ, ಬೆರೆತ, ಕಂಪನಿ ಹಣ ಎಂಬ ಕ್ರಮದಲ್ಲಿ ಶೇ 39.5, 54.4, 65.5 ಎಂದು ಮೆಟ್ಟಿಲು ಏರಿದ ಹಾಗೆ ಏರುತ್ತದೆ. ಸ್ಟೆಂಟ್‌ನಂಥ ಸಾಧನಗಳಲ್ಲಿ ಕಂಪನಿ ಹಣದ ಪ್ರಯೋಗಗಳ ಗೆಲುವು ಶೇ 82.4. ಆದರೆ ಸಾಧನಗಳ ಪ್ರಯೋಗಗಳು ಒಟ್ಟು 39 ಮಾತ್ರ, ಆ ಅಂಕಿಯನ್ನು ಸ್ವಲ್ಪ ಸಡಿಲವಾಗಿಯೇ ಹಿಡಿಯಬೇಕು.

ಇದನ್ನು ಕಂಡ ಕೂಡಲೇ ‘ಅಂಕಿಅಂಶ ತಿರುಚುತ್ತಾರೆ’ ಎಂದುಬಿಡುವುದು ಸುಲಭ. ವೈದ್ಯಕೀಯ ಪುರಾವೆಗಳನ್ನು ಒಟ್ಟುಹಾಕಿ ತೂಗುವ ಕಾಕ್ರೇನ್ ಸಂಸ್ಥೆಯ 2017ರ ಪರಿಶೀಲನೆ ಎಲ್ಲ ಬಗೆಯ ರೋಗಗಳ 75 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿತು. ಕಂಪನಿ ಹಣದ ಪ್ರಯೋಗಗಳಲ್ಲಿ ಪ್ರಾಯೋಜಕರಿಗೆ ಅನುಕೂಲಕರವಾದ ಫಲಿತಾಂಶ 1.27 ಪಟ್ಟು, ಅನುಕೂಲಕರವಾದ ತೀರ್ಮಾನ 1.34 ಪಟ್ಟು ಹೆಚ್ಚು. ಆದರೆ ರೋಗಿಗಳನ್ನು ಚೀಟಿ ಎತ್ತಿದಂತೆ ಹಂಚುವುದು, ಯಾರಿಗೆ ಯಾವ ಮಾತ್ರೆ ಎಂಬುದನ್ನು ಮುಚ್ಚಿಡುವುದು ಮುಂತಾದ ತಾಂತ್ರಿಕ ಶಿಸ್ತಿನಲ್ಲಿ ಕಂಪನಿ ಪ್ರಯೋಗಗಳು ಹಿಂದೆ ಬಿದ್ದಿರಲಿಲ್ಲ. ಮುಚ್ಚಿಡುವ ವಿಷಯದಲ್ಲಂತೂ ಒಂದು ಕೈ ಮೇಲೇ ಇದ್ದವು. ಹಾಗಿದ್ದರೆ ವ್ಯತ್ಯಾಸ ಬಂದದ್ದು ಎಲ್ಲಿಂದ? ಬಹುಪಾಲು ಮೊದಲ ರೋಗಿ ಸೇರುವುದಕ್ಕೂ ಮುಂಚೆ, ಪ್ರಶ್ನೆಯನ್ನು ಹೇಗೆ ಕೇಳಬೇಕೆಂದು ತೀರ್ಮಾನಿಸಿದ ಮೇಜಿನ ಮೇಲಿಂದ. ಉತ್ತರವನ್ನು ತಿದ್ದುವ ಅಗತ್ಯವೇ ಬರದಂತೆ ಪ್ರಶ್ನೆಯನ್ನು ಜೋಡಿಸಬಹುದು.

ಜೋಡಣೆಯ ಮೊದಲ ಜಾಗ, ಎದುರಾಳಿಯ ಆಯ್ಕೆ. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಗಳನ್ನು ಬೇರೆ ಔಷಧಗಳೊಂದಿಗೆ ಹೋಲಿಸಿದ 192 ಪ್ರಯೋಗಗಳನ್ನು ಲೀಸಾ ಬೆರೊ ಮತ್ತು ಸಂಗಡಿಗರು 2007ರಲ್ಲಿ ನೋಡಿದಾಗ, ಯಾವ ಕಂಪನಿ ಹಣ ಹಾಕಿತ್ತೋ ಅದರ ಮಾತ್ರೆಯೇ ಗೆಲ್ಲುವ ಕಡೆಗೆ ತಕ್ಕಡಿ ವಿಪರೀತ ವಾಲಿತ್ತು. ಸಂಖ್ಯಾಶಾಸ್ತ್ರದ ಆಡ್ಸ್ (ಗೆಲುವು–ಸೋಲುಗಳ ಅನುಪಾತ) ಲೆಕ್ಕದಲ್ಲಿ ಸುಮಾರು 20 ಪಟ್ಟು. ಎ ಕಂಪನಿಯ ಪ್ರಯೋಗದಲ್ಲಿ ಎ ಗೆಲ್ಲುತ್ತದೆ, ಬಿ ಕಂಪನಿಯ ಪ್ರಯೋಗದಲ್ಲಿ ಬಿ ಗೆಲ್ಲುತ್ತದೆ. ಎರಡೂ ಒಟ್ಟಿಗೆ ಮೇಲಾಗಲು ಸಾಧ್ಯವಿಲ್ಲ ಎಂಬುದಕ್ಕೆ ಸಂಖ್ಯಾಶಾಸ್ತ್ರ ಬೇಕಿಲ್ಲ. ಇದನ್ನು ಸಾಧಿಸುವ ಸರಳ ಉಪಾಯ ಡೋಸ್. ನನ್ನ ಮಾತ್ರೆ ಗರಿಷ್ಠ ಪ್ರಮಾಣದಲ್ಲಿ, ನಿನ್ನದು ಮಧ್ಯಮ ಪ್ರಮಾಣದಲ್ಲಿ. ಇನ್ನೊಂದು ಉಪಾಯ, ಆ ಕಾಯಿಲೆಗೆ ಈಗಾಗಲೇ ಸಪ್ಪೆ ಎನಿಸಿದ ಹಳೆಯ ಔಷಧವನ್ನೇ ಎದುರಿಗೆ ನಿಲ್ಲಿಸುವುದು. ರಕ್ತದೊತ್ತಡದ ಪ್ರಯೋಗಗಳಲ್ಲಿ ಅಟೆನೊಲಾಲ್ ಬಹುಕಾಲ ಈ ಪಾತ್ರ ವಹಿಸಿತು. 2002ರ ಲೈಫ್ ಪ್ರಯೋಗದಲ್ಲಿ ಲೋಸಾರ್ಟನ್ ಗೆದ್ದದ್ದು ಅದರ ಮೇಲೆಯೇ. ಅದೇ 2002ರಲ್ಲಿ ಅಮೆರಿಕದ ಸರ್ಕಾರಿ ಹೃದಯ ಸಂಸ್ಥೆ ನಡೆಸಿದ ಆಲ್‌ಹ್ಯಾಟ್ ಪ್ರಯೋಗ, ಪೇಟೆಂಟ್ ಮುಗಿದು ಎಷ್ಟೋ ವರ್ಷವಾಗಿದ್ದ ಕ್ಲೋರ್‌ಥಾಲಿಡೋನ್ ಎಂಬ ಅಗ್ಗದ ಮಾತ್ರೆಯನ್ನು ಹೊಸಬರ ಎದುರು ನಿಲ್ಲಿಸಿತು. ಮುಖ್ಯ ಫಲಿತಾಂಶದಲ್ಲಿ ಹೊಸ ಮಾತ್ರೆಗಳಾದ ಆಮ್ಲೊಡಿಪಿನ್, ಲಿಸಿನೊಪ್ರಿಲ್ ಎರಡೂ ಅದನ್ನು ಮೀರಿಸಲಿಲ್ಲ. ಅದೇ ಪ್ರಯೋಗದಲ್ಲಿ ಡಾಕ್ಸಜೋಸಿನ್ ಎಂಬ ಇನ್ನೊಂದು ಮಾತ್ರೆ ಕೊಟ್ಟ ಗುಂಪಿನಲ್ಲಿ ಹೃದಯ ವೈಫಲ್ಯ ಸುಮಾರು ಎರಡು ಪಟ್ಟಾಗಿ, ಆ ಭಾಗವನ್ನು 2000ದಲ್ಲೇ ನಿಲ್ಲಿಸಬೇಕಾಯಿತು. ಕ್ಲೋರ್‌ಥಾಲಿಡೋನ್ ಪರವಾಗಿ ಇಂಥ ಪಂದ್ಯ ಏರ್ಪಡಿಸುವ ಕಂಪನಿ ಯಾವುದೂ ಇರಲಿಲ್ಲ.

ಉಪಾಯ ಕೈಕೊಡುವುದೂ ಉಂಟು. 2004ರ ಪ್ರೂವ್-ಇಟ್ ಪ್ರಯೋಗಕ್ಕೆ ಹಣ ಹಾಕಿದ್ದು ಪ್ರವಾಸ್ಟ್ಯಾಟಿನ್ ತಯಾರಿಸುತ್ತಿದ್ದ ಬ್ರಿಸ್ಟಲ್-ಮೈಯರ್ಸ್ ಸ್ಕ್ವಿಬ್. ತನ್ನ 40 ಮಿಲಿಗ್ರಾಂ ಮಾತ್ರೆ ಎದುರಾಳಿಯ 80 ಮಿಲಿಗ್ರಾಂ ಅಟೋರ್ವಾಸ್ಟ್ಯಾಟಿನ್‌ಗೆ ಸರಿಸಮ ಎಂದು ತೋರಿಸುವುದು ಉದ್ದೇಶ. 4,162 ರೋಗಿಗಳ ಮೇಲೆ ನಡೆದು, ಕೊನೆಗೆ ಗೆದ್ದದ್ದು ಎದುರಾಳಿ: ಸಾವಿಗೋ ಹೃದಯದ ದೊಡ್ಡ ತೊಂದರೆಗೋ ಸಿಲುಕಿದವರು ಶೇ 26.3ಕ್ಕೆ ಎದುರಾಗಿ ಶೇ 22.4. ತನ್ನ ದುಡ್ಡಿನಲ್ಲೇ ತಾನು ಸೋತ ಈ ಫಲಿತಾಂಶ ಪೂರ್ತಿಯಾಗಿ ಪ್ರಕಟವಾಯಿತು. ‘ಕಂಪನಿ ಹಣ ಎಂದರೆ ಸುಳ್ಳು’ ಎನ್ನುವವರು ಇದನ್ನೂ ನೆನಪಿಡಬೇಕು.

‘ಸರಿಸಮ’ ಎಂಬ ಮಾತಿನ ಹಿಂದೆಯೂ ಒಂದು ಜಾಗವಿದೆ. ನಾನ್-ಇನ್ಫೀರಿಯಾರಿಟಿ ಪ್ರಯೋಗ ಎಂದರೆ ಹೊಸದು ಹಳೆಯದಕ್ಕಿಂತ ‘ಹೇಳಿಕೊಳ್ಳುವಷ್ಟು ಕಳಪೆಯಲ್ಲ’ ಎಂದು ತೋರಿಸುವ ಪ್ರಯೋಗ. ಎಷ್ಟು ಕಳಪೆಯಾದರೆ ಹೇಳಿಕೊಳ್ಳುವಷ್ಟು ಎಂಬ ಗೆರೆಯನ್ನು ಮೊದಲೇ ಎಳೆದಿರುತ್ತಾರೆ, ಎಳೆಯುವವರು ಪ್ರಯೋಗ ನಡೆಸುವವರೇ. ಹಳೆಯ ಚಿಕಿತ್ಸೆಯಲ್ಲಿ ನೂರಕ್ಕೆ 10 ಜನರಿಗೆ ತೊಂದರೆಯಾಗುವಲ್ಲಿ, ಹೊಸದರಲ್ಲಿ 13ರವರೆಗೆ ಹೋಗುವ ಸಾಧ್ಯತೆಯನ್ನು ತಳ್ಳಿಹಾಕಲಾಗದಿದ್ದರೂ ಗೆರೆ 14ರಲ್ಲಿದ್ದರೆ ಪ್ರಯೋಗ ‘ಯಶಸ್ವಿ’. ಕಂಪನಿ ಹಣದ ಇಂಥ 57 ಪ್ರಯೋಗಗಳಲ್ಲಿ 55 ಬಯಸಿದ ಫಲಿತಾಂಶವನ್ನೇ ಕೊಟ್ಟವು ಎಂದು 2015ರ ಒಂದು ಪರಿಶೀಲನೆ ಎಣಿಸಿ ಹೇಳಿತು.

ಎದುರಾಳಿ ಔಷಧವಲ್ಲದೆ ಬರೀ ಪ್ಲಸೀಬೊ, ಅಂದರೆ ಹುಸಿ ಮಾತ್ರೆ ಆಗಿದ್ದರೆ ಈ ತೊಂದರೆ ಇರಬಾರದು ಅಲ್ಲವೇ? ರೆಡ್ಯೂಸ್-ಇಟ್ ಪ್ರಯೋಗವನ್ನು ನೋಡಿ. ಅಮರಿನ್ ಕಂಪನಿಯ ಹಣ, 8,179 ರೋಗಿಗಳು, ಮೀನೆಣ್ಣೆಯಿಂದ ಶುದ್ಧೀಕರಿಸಿದ ಐಕೋಸಪೆಂಟ್ ಈಥೈಲ್. 2018ರಲ್ಲಿ ಬಂದ ಫಲಿತಾಂಶ ಭರ್ಜರಿ: ಹೃದಯದ ದೊಡ್ಡ ತೊಂದರೆಗೆ ಸಿಲುಕಿದವರು ಪ್ಲಸೀಬೊ ಗುಂಪಿನಲ್ಲಿ ಶೇ 22.0, ಔಷಧದ ಗುಂಪಿನಲ್ಲಿ ಶೇ 17.2. ಆದರೆ ಪ್ಲಸೀಬೊ ಕ್ಯಾಪ್ಸೂಲಿನಲ್ಲಿ ತುಂಬಿದ್ದು ಖನಿಜ ತೈಲ. ಆ ಗುಂಪಿನಲ್ಲಿ ಕೆಟ್ಟ ಕೊಲೆಸ್ಟರಾಲ್ ಶೇ 10ರಷ್ಟು ಏರಿತ್ತು, ಉರಿಯೂತದ ಸೂಚಕ ಸಿಆರ್‌ಪಿಯೂ ಏರಿತ್ತು. ಔಷಧ ಮೇಲೆತ್ತಿದ್ದೆಷ್ಟು, ಎಣ್ಣೆ ಕೆಳಗೆ ತಳ್ಳಿದ್ದೆಷ್ಟು ಎಂಬ ವಾದ ಇನ್ನೂ ಮುಗಿದಿಲ್ಲ. 2020ರಲ್ಲಿ 13,078 ಜನರ ಮೇಲೆ ನಡೆದ ಸ್ಟ್ರೆಂತ್ ಪ್ರಯೋಗದಲ್ಲಿ ಪ್ಲಸೀಬೊ ಮೆಕ್ಕೆಜೋಳದ ಎಣ್ಣೆ. ಫಲ ಕಾಣದೆ ಅದನ್ನು ಅರ್ಧಕ್ಕೇ ನಿಲ್ಲಿಸಿದರು. ಎರಡರ ಔಷಧ ಒಂದೇ ಅಲ್ಲ, ಎರಡನೆಯದರಲ್ಲಿ ಇನ್ನೊಂದು ಮೀನೆಣ್ಣೆ ಆಮ್ಲವೂ ಬೆರೆತಿತ್ತು, ಹಾಗಾಗಿ ನೇರ ತೀರ್ಪು ಕೊಡಲಾಗದು. ಆದರೆ ಪ್ಲಸೀಬೊದಲ್ಲಿ ಏನಿತ್ತು ಎಂದು ವರದಿಗಾರರು ಕೇಳಲೇಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಇನ್ನು ಅಳತೆಯ ಆಯ್ಕೆ. ಹೃದ್ರೋಗ ಕ್ಷೇತ್ರದಲ್ಲಿ ಅತಿ ಹೆಚ್ಚು ದಾರಿ ತಪ್ಪಿಸಿರುವುದು ಇದೇ. ರೋಗಿಗೆ ಬೇಕಾದ್ದು ಸಾವು ತಪ್ಪುವುದು, ಹೃದಯಾಘಾತ ತಪ್ಪುವುದು. ಅದನ್ನು ಅಳೆಯಲು ಸಾವಿರಾರು ಜನ, ಐದಾರು ವರ್ಷ ಬೇಕು. ಕೊಲೆಸ್ಟರಾಲ್, ರಕ್ತನಾಳದ ಗೋಡೆಯ ದಪ್ಪ, ಇಸಿಜಿಯಲ್ಲಿ ಕಾಣುವ ತಪ್ಪು ಬಡಿತ ಇವುಗಳನ್ನು ಅಳೆಯಲು ನೂರಾರು ಜನ, ಕೆಲವು ತಿಂಗಳು ಸಾಕು. ರಿಡ್ಕರ್ ಲೆಕ್ಕದಲ್ಲಿ ಹಣ ಯಾರದೇ ಇರಲಿ, ಇಂಥ ಬದಲಿ ಅಳತೆಗಳನ್ನು ಬಳಸಿದ ಪ್ರಯೋಗಗಳಲ್ಲಿ ಶೇ 67 ಗೆದ್ದವು, ನಿಜವಾದ ಕಾಯಿಲೆ–ಸಾವುಗಳನ್ನು ಎಣಿಸಿದವುಗಳಲ್ಲಿ ಶೇ 54.1. ಬದಲಿ ಅಳತೆ ಎಷ್ಟು ದುಬಾರಿಯಾಗಬಹುದು ಎಂಬುದನ್ನು ಕಾಸ್ಟ್ ಪ್ರಯೋಗ ತೋರಿಸಿತು. ಹೃದಯಾಘಾತದ ನಂತರ ಬರುವ ತಪ್ಪು ಬಡಿತಗಳನ್ನು ಎನ್‌ಕೈನೈಡ್, ಫ್ಲೆಕೈನೈಡ್ ಮಾತ್ರೆಗಳು ಚೆನ್ನಾಗಿಯೇ ಅಡಗಿಸುತ್ತಿದ್ದವು, ವೈದ್ಯರು ಧಾರಾಳವಾಗಿ ಬರೆದುಕೊಡುತ್ತಿದ್ದರು. ಬಡಿತ ಅಡಗಿದರೆ ಜೀವ ಉಳಿಯುತ್ತದೆಯೇ ಎಂದು ಅಮೆರಿಕದ ಸರ್ಕಾರಿ ಹಣದಲ್ಲಿ ಪರೀಕ್ಷಿಸಿದಾಗ, ಸರಾಸರಿ ಹತ್ತು ತಿಂಗಳಲ್ಲಿ ಮಾತ್ರೆ ತೆಗೆದುಕೊಂಡ 755 ಜನರಲ್ಲಿ 63 ಸಾವು, ಪ್ಲಸೀಬೊ ಪಡೆದ 743 ಜನರಲ್ಲಿ 26. ಪ್ರಯೋಗದ ಆ ಭಾಗವನ್ನು 1989ರಲ್ಲೇ ನಿಲ್ಲಿಸಲಾಯಿತು. ಇಸಿಜಿ ಚೊಕ್ಕವಾಗಿತ್ತು, ರೋಗಿ ಇರಲಿಲ್ಲ.

ಇದೇ ಪಾಠವನ್ನು ಕಂಪನಿಯೊಂದರ ಹಣವೂ ಕಲಿಸಿತು. ಫೈಜರ್ ನಡೆಸಿದ ಇಲ್ಯುಮಿನೇಟ್ ಪ್ರಯೋಗದಲ್ಲಿ ಟಾರ್ಸೆಟ್ರಾಪಿಬ್ ಎಂಬ ಔಷಧ ಒಳ್ಳೆಯ ಕೊಲೆಸ್ಟರಾಲನ್ನು ಶೇ 72ರಷ್ಟು ಏರಿಸಿತು, ಕೆಟ್ಟದ್ದನ್ನು ಶೇ 25ರಷ್ಟು ಇಳಿಸಿತು. ಕಾಗದದ ಮೇಲೆ ಇದಕ್ಕಿಂತ ಚೆಂದದ ಔಷಧವಿಲ್ಲ. 15,067 ಜನರ ಆ ಪ್ರಯೋಗದಲ್ಲಿ ಸತ್ತವರು ಔಷಧದ ಗುಂಪಿನಲ್ಲಿ 93, ಇನ್ನೊಂದರಲ್ಲಿ 59. ಸುರಕ್ಷತೆಯನ್ನು ಕಾಯುವ ಸ್ವತಂತ್ರ ಮಂಡಳಿ ಅದನ್ನು ಗುರುತಿಸಿತು, 2006ರ ಡಿಸೆಂಬರಿನಲ್ಲಿ ಕಂಪನಿ ಪ್ರಯೋಗವನ್ನೂ ಔಷಧವನ್ನೂ ಒಟ್ಟಿಗೆ ಕೈಬಿಟ್ಟಿತು. ಅಲ್ಲಿ ರೋಗಿಗಳನ್ನು ಕಾಪಾಡಿದ್ದು ಎರಡು ಸಂಗತಿಗಳು. ಎಣಿಸಿದ್ದು ಸಾವನ್ನು, ಎಣಿಕೆಯ ಪುಸ್ತಕ ಹಣ ಕೊಟ್ಟವರಲ್ಲದ ಬೇರೆಯವರ ಕೈಯಲ್ಲೂ ಇತ್ತು.

ಇದಕ್ಕೆ ವ್ಯತಿರಿಕ್ತವಾದದ್ದು ಎನ್‌ಹಾನ್ಸ್ ಪ್ರಯೋಗ. ಎಜೆಟಿಮೈಬ್ ಮಾತ್ರೆಯನ್ನು ಸಿಮ್ವಾಸ್ಟ್ಯಾಟಿನ್ ಜೊತೆ ಕೊಟ್ಟಾಗ ಕೆಟ್ಟ ಕೊಲೆಸ್ಟರಾಲ್ ಹೆಚ್ಚು ಇಳಿಯಿತು, ಆದರೆ ಕತ್ತಿನ ರಕ್ತನಾಳದ ದಪ್ಪದಲ್ಲಿ ವ್ಯತ್ಯಾಸವೇ ಕಾಣಲಿಲ್ಲ. 720 ರೋಗಿಗಳ ಈ ಪ್ರಯೋಗ 2006ರಲ್ಲೇ ಮುಗಿದಿತ್ತು. ಫಲಿತಾಂಶ ಹೊರಬಿದ್ದದ್ದು 2008ರ ಜನವರಿಯಲ್ಲಿ. ನಡುವೆ 2007ರ ನವೆಂಬರಿನಲ್ಲಿ ಮುಖ್ಯ ಅಳತೆಯನ್ನೇ ಬದಲಿಸುವ ಪ್ರಸ್ತಾಪ ಬಂದು, ಗದ್ದಲವಾಗಿ, ಅದನ್ನು ಹಿಂದಕ್ಕೆ ಪಡೆಯಲಾಯಿತು. ಅದೇ ಔಷಧದ ಮೇಲೆ ಮುಂದೆ ಮರ್ಕ್ ಹಣದಲ್ಲಿ ನಡೆದ ಇಂಪ್ರೂವ್-ಇಟ್ 18,144 ಜನರನ್ನು ಸುಮಾರು ಆರು ವರ್ಷ ಹಿಂಬಾಲಿಸಿ, ಏಳು ವರ್ಷದ ಲೆಕ್ಕದಲ್ಲಿ ಅನಾಹುತಕ್ಕೆ ಸಿಲುಕಿದವರು ಶೇ 34.7ರಿಂದ ಶೇ 32.7ಕ್ಕೆ ಇಳಿದದ್ದನ್ನು ತೋರಿಸಿತು. ಲಾಭ ನಿಜ, ಸಣ್ಣದು. ಸುಮಾರು 50 ಜನ ಏಳು ವರ್ಷ ಮಾತ್ರೆ ನುಂಗಿದರೆ ಒಬ್ಬರಿಗೆ ಒಂದು ಅನಾಹುತ ತಪ್ಪುತ್ತದೆ. ಹೃದ್ರೋಗದ ಸಾವುಗಳಲ್ಲಿ ವ್ಯತ್ಯಾಸವಿರಲಿಲ್ಲ. ಇದನ್ನೇ ‘ಶೇ 6ರಷ್ಟು ಇಳಿಕೆ’ ಎಂದೂ ಬರೆಯಬಹುದು, ‘ನೂರಕ್ಕೆ ಇಬ್ಬರಿಗೆ ಲಾಭ’ ಎಂದೂ ಬರೆಯಬಹುದು. ಪ್ರಕಟಣೆಗಳಲ್ಲಿ ಮೊದಲನೆಯದೇ ಏಕೆ ಇರುತ್ತದೆ ಎಂದು ಹೇಳಬೇಕಿಲ್ಲ.

ಹಲವು ಅಳತೆಗಳನ್ನು ಒಂದೇ ಬುಟ್ಟಿಗೆ ಹಾಕಿ ಎಣಿಸುವ ರೂಢಿಯನ್ನೂ ಹೇಳಬೇಕು. ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ಸಾವಿರ ಜನರ ಎರಡು ಗುಂಪು. ಹಳೆಯ ಚಿಕಿತ್ಸೆಯಲ್ಲಿ 30 ಸಾವು, 50 ಹೃದಯಾಘಾತ, 120 ಮರು-ಆಂಜಿಯೋಪ್ಲಾಸ್ಟಿ, ಒಟ್ಟು 200. ಹೊಸದರಲ್ಲಿ 31 ಸಾವು, 49 ಹೃದಯಾಘಾತ, 80 ಮರು-ಆಂಜಿಯೋಪ್ಲಾಸ್ಟಿ, ಒಟ್ಟು 160. ‘ಸಾವು, ಹೃದಯಾಘಾತ ಮತ್ತು ಮರುಚಿಕಿತ್ಸೆ ಶೇ 20ರಷ್ಟು ಇಳಿಕೆ’ ಎಂಬ ಶೀರ್ಷಿಕೆಯಲ್ಲಿ ಒಂದಕ್ಷರವೂ ಸುಳ್ಳಲ್ಲ. ಆದರೆ ಲೆಕ್ಕಕ್ಕೆ ಬರುವಷ್ಟು ಇಳಿದದ್ದು ಮೂರನೆಯದು ಮಾತ್ರ. ಅದು ಕಾಯಿಲೆಯೂ ಅಲ್ಲ, ವೈದ್ಯರ ತೀರ್ಮಾನ. ಯಾರಿಗೆ ಯಾವ ಚಿಕಿತ್ಸೆ ಸಿಕ್ಕಿದೆ ಎಂಬುದು ವೈದ್ಯರಿಗೆ ಗೊತ್ತಿರುವ ಪ್ರಯೋಗದಲ್ಲಿ ಅದು ಇನ್ನಷ್ಟು ಮೆತ್ತಗಿನ ಅಳತೆ.

ಹೃದಯದ ಎಡ ಮುಖ್ಯ ರಕ್ತನಾಳದ ಅಡಚಣೆಗೆ ಸ್ಟೆಂಟೋ ಬೈಪಾಸೋ ಎಂದು ಕೇಳಿದ ಎಕ್ಸೆಲ್ ಪ್ರಯೋಗದ ಜಗಳ ಇಲ್ಲಿಂದಲೇ ಹುಟ್ಟಿತು. ಹಣ ಸ್ಟೆಂಟ್ ತಯಾರಕ ಅಬಾಟ್‌ದು, ರೋಗಿಗಳು 1,905. ಬುಟ್ಟಿಯಲ್ಲಿದ್ದದ್ದು ಸಾವು, ಪಾರ್ಶ್ವವಾಯು, ಹೃದಯಾಘಾತ. ಮೂರು ವರ್ಷಕ್ಕೆ ಸ್ಟೆಂಟ್ ಶೇ 15.4, ಬೈಪಾಸ್ ಶೇ 14.7, ಮೊದಲೇ ಎಳೆದ ಗೆರೆ 4.2 ಅಂಶಗಳಷ್ಟು ಅಗಲವಿತ್ತು, ಆದ್ದರಿಂದ 2016ರಲ್ಲಿ ‘ಸ್ಟೆಂಟ್ ಕಡಿಮೆಯೇನಲ್ಲ’ ಎಂಬ ತೀರ್ಮಾನ ಬಂತು. ಐದು ವರ್ಷದ ಲೆಕ್ಕ 2019ರಲ್ಲಿ ಬಂದಾಗ ಎಲ್ಲ ಕಾರಣಗಳ ಸಾವು ಸ್ಟೆಂಟ್ ಗುಂಪಿನಲ್ಲಿ ಶೇ 13.0, ಬೈಪಾಸ್ ಗುಂಪಿನಲ್ಲಿ ಶೇ 9.9. ಚಿಕಿತ್ಸೆಯ ಹೊತ್ತಿನಲ್ಲೇ ಆಗುವ ಹೃದಯಾಘಾತವನ್ನು ಯಾವ ರಕ್ತಪರೀಕ್ಷೆಯ ಯಾವ ಮಟ್ಟದಿಂದ ಗುರುತಿಸಬೇಕು ಎಂಬುದರ ಮೇಲೆ ಶಸ್ತ್ರಚಿಕಿತ್ಸಕರೂ ಸ್ಟೆಂಟ್ ತಜ್ಞರೂ ಬಹಿರಂಗವಾಗಿ ಕಿತ್ತಾಡಿದರು. ಎದೆ ತೆರೆದಾಗ ಹೃದಯದ ಕಿಣ್ವಗಳು ಹೇಗೂ ಏರುತ್ತವೆ, ಆದ್ದರಿಂದ ವ್ಯಾಖ್ಯೆ ಸ್ವಲ್ಪ ಸರಿದರೂ ಬೈಪಾಸ್ ಪಾಲಿನ ‘ಹೃದಯಾಘಾತ’ಗಳ ಸಂಖ್ಯೆ ಬದಲಾಗುತ್ತದೆ. ಯುರೋಪಿನ ಹೃದಯ ಶಸ್ತ್ರಚಿಕಿತ್ಸಕರ ಸಂಘ ತಾನೇ ಸಹಿ ಹಾಕಿದ್ದ ಮಾರ್ಗಸೂಚಿಯ ಆ ಭಾಗಕ್ಕೆ ಬೆಂಬಲ ಹಿಂತೆಗೆದುಕೊಂಡಿತು. ಪ್ರಯೋಗ ನಡೆಸಿದವರು ತಮ್ಮ ವ್ಯಾಖ್ಯೆಯನ್ನು ಇಂದಿಗೂ ಸಮರ್ಥಿಸುತ್ತಾರೆ. ಹಣದ ಪಾತ್ರ ಇಲ್ಲಿ ಎಷ್ಟು ಎಂದು ತೂಗುವುದು ಕಷ್ಟ, ವ್ಯಾಖ್ಯೆಯ ಪಾತ್ರ ಎಷ್ಟು ಎಂಬುದು ಮಾತ್ರ ಎಲ್ಲರಿಗೂ ಕಾಣಿಸಿತು.

ಯಾರನ್ನು ಪ್ರಯೋಗಕ್ಕೆ ಸೇರಿಸುತ್ತಾರೆ ಎಂಬುದನ್ನು ಚುಟುಕಾಗಿ ಹೇಳುತ್ತೇನೆ. ರನ್-ಇನ್ ಎಂಬ ಒಂದು ಹಂತವಿದೆ: ಗುಂಪು ಹಂಚುವ ಮುನ್ನ ಎಲ್ಲರಿಗೂ ಔಷಧ ಕೊಟ್ಟು ನೋಡಿ, ತಾಳದವರನ್ನು ಹೊರಗಿಡುವುದು. ಹೃದಯ ವೈಫಲ್ಯದ ಪ್ಯಾರಡೈಮ್-ಎಚ್‌ಎಫ್ ಪ್ರಯೋಗದಲ್ಲಿ ಹೀಗೆ ಸುಮಾರು ಐವರಲ್ಲಿ ಒಬ್ಬರು ಹೊರಬಿದ್ದರು. ಔಷಧ ಉಪಯುಕ್ತವೇ. ಆದರೆ ಅಡ್ಡ ಪರಿಣಾಮಗಳ ಪಟ್ಟಿಯಲ್ಲಿ ಕಾಣುವ ಅಂಕಿ ತಾಳಿಕೊಂಡವರದು, ಎಲ್ಲರದಲ್ಲ. ಇದಕ್ಕಿಂತ ಕೆಟ್ಟದ್ದು, ಗುಂಪು ಹಂಚಿದ ಮೇಲೆ ಹೆಸರು ಕಿತ್ತುಹಾಕುವುದು. ಸಲ್ಫಿನ್‌ಪೈರಜೋನ್ ಹೃದಯಾಘಾತದ ನಂತರದ ಹಠಾತ್ ಸಾವನ್ನು ತಡೆಯುತ್ತದೆ ಎಂದು ತಯಾರಕರ ಹಣದ ಪ್ರಯೋಗವೊಂದು ಹೇಳಿದಾಗ, ಅಮೆರಿಕದ ಔಷಧ ನಿಯಂತ್ರಕರು 1980ರಲ್ಲಿ ಕಡತ ಬಿಚ್ಚಿ ನೋಡಿದರು. ಕೆಲವು ಸಾವುಗಳನ್ನು ‘ಅನರ್ಹ ರೋಗಿ’ ಎಂದು ಲೆಕ್ಕದಿಂದ ತೆಗೆದಿದ್ದರು, ಸಾವಿನ ಕಾರಣಗಳ ವಿಂಗಡಣೆಯೂ ಒಂದೇ ಸಮನಾಗಿರಲಿಲ್ಲ. ಅನುಮತಿ ಸಿಗಲಿಲ್ಲ. ‘ಯಾವ ಗುಂಪಿಗೆ ಹಂಚಲಾಯಿತೋ ಆ ಗುಂಪಿನಲ್ಲೇ ಕೊನೆಯವರೆಗೂ ಎಣಿಸು’ ಎಂಬ ನಿಯಮಕ್ಕೆ ಇಂದು ಇಷ್ಟು ಒತ್ತು ಸಿಗಲು ಇಂಥ ಪ್ರಕರಣಗಳೂ ಕಾರಣ.

ಸಾಧನಗಳ ವಿಷಯದಲ್ಲಿ ಹುಸಿ ಚಿಕಿತ್ಸೆ ಇತ್ತೇ ಎಂಬುದೇ ಎಲ್ಲವನ್ನೂ ನಿರ್ಧರಿಸುತ್ತದೆ. ಮೂತ್ರಪಿಂಡದ ನರಗಳನ್ನು ಕ್ಯಾತಿಟರ್ ಎಂಬ ತೆಳು ಕೊಳವೆಯಿಂದ ಸುಟ್ಟು ರಕ್ತದೊತ್ತಡ ಇಳಿಸುವ ವಿಧಾನ 2010ರಲ್ಲಿ ಸಿಂಪ್ಲಿಸಿಟಿ-2 ಪ್ರಯೋಗದಲ್ಲಿ ಮೇಲಿನ ಒತ್ತಡವನ್ನು 32 ಅಂಶ ಇಳಿಸಿತು. ಎದುರಿನ ಗುಂಪಿಗೆ ಎಂದಿನ ಮಾತ್ರೆಗಳ ಹೊರತು ಏನೂ ಮಾಡಿರಲಿಲ್ಲ, ಅದು ಎಲ್ಲರಿಗೂ ಗೊತ್ತಿತ್ತು. 2014ರ ಸಿಂಪ್ಲಿಸಿಟಿ-3ರಲ್ಲಿ 535 ಜನ; ಎದುರಿನ ಗುಂಪಿಗೂ ಕ್ಯಾತಿಟರ್ ಹಾಕಿ, ನರ ಸುಡದೆ ಹೊರತೆಗೆದರು. ನಿಜವಾದ ಚಿಕಿತ್ಸೆಯಲ್ಲಿ 14.13 ಅಂಶ ಇಳಿಯಿತು, ಹುಸಿಯಲ್ಲಿ 11.74. ವ್ಯತ್ಯಾಸ ಎರಡು ಚಿಲ್ಲರೆ. ಎರಡೂ ಪ್ರಯೋಗಗಳ ಹಣ ಸಾಧನ ತಯಾರಕರದೇ! ಹಣದ ಮೂಲ ಬದಲಾಗಲಿಲ್ಲ, ಪ್ರಶ್ನೆ ಬದಲಾಯಿತು. ಸುಧಾರಿಸಿದ ಕ್ಯಾತಿಟರ್‌ಗಳಿಂದ ಆಮೇಲೆ ಸಾಧಾರಣ ಲಾಭ ಕಂಡುಬಂದದ್ದೂ ಹುಸಿ ಚಿಕಿತ್ಸೆಯನ್ನು ಎದುರಿಗಿಟ್ಟ ಪ್ರಯೋಗಗಳಲ್ಲೇ.

ಪ್ರಯೋಗ ಮುಗಿದ ಮೇಲೂ ಎರಡು ಅಪಾಯ ಉಳಿಯುತ್ತವೆ. ಒಂದು, ಪ್ರಕಟಿಸದಿರುವುದು. 1980ರಲ್ಲಿ 95 ರೋಗಿಗಳ ಮೇಲೆ ಲೋರ್‌ಕೈನೈಡ್ ಎಂಬ ಬಡಿತದ ಔಷಧದ ಸಣ್ಣ ಪ್ರಯೋಗ ನಡೆಯಿತು. ಔಷಧದ ಗುಂಪಿನಲ್ಲಿ 9 ಸಾವು, ಇನ್ನೊಂದರಲ್ಲಿ 1. ವ್ಯಾಪಾರದ ಕಾರಣಗಳಿಗೆ ಔಷಧವನ್ನು ಕೈಬಿಟ್ಟರು, ಪ್ರಯೋಗವೂ ಕಪಾಟು ಸೇರಿತು. ಅದನ್ನು ನಡೆಸಿದವರೇ 1993ರಲ್ಲಿ ಹೊರಗೆಳೆದು, ಆಗಲೇ ಪ್ರಕಟಿಸಿದ್ದರೆ ಮುಂದಿನ ಅನಾಹುತಕ್ಕೆ ಮುನ್ಸೂಚನೆ ಆಗುತ್ತಿತ್ತು ಎಂದು ಬರೆದರು. ಮೇಲೆ ಹೇಳಿದ ಕಾಸ್ಟ್ ಪ್ರಯೋಗದ 63 ಸಾವುಗಳು ಈ ಎರಡು ದಿನಾಂಕಗಳ ನಡುವಿನವು. ಎರಡನೆಯದು, ಎಣಿಕೆಯನ್ನು ಯಾವತ್ತು ನಿಲ್ಲಿಸುವುದು ಎಂಬುದು. ನೋವು ನಿವಾರಕ ರೋಫೆಕಾಕ್ಸಿಬ್‌ನ ವಿಗರ್ ಪ್ರಯೋಗ 2000ದಲ್ಲಿ ಪ್ರಕಟವಾದಾಗ ಹೊಟ್ಟೆಯ ತೊಂದರೆಗಳನ್ನು ಎಣಿಸಿದ್ದಕ್ಕಿಂತ ಒಂದು ತಿಂಗಳು ಮೊದಲೇ ಹೃದಯದ ತೊಂದರೆಗಳ ಎಣಿಕೆ ನಿಂತಿತ್ತು. ಔಷಧದ ಗುಂಪಿನ ಮೂರು ಹೃದಯಾಘಾತಗಳು ಲೇಖನದಿಂದ ಹೊರಗುಳಿದವು. ಔಷಧ 2004ರ ಸೆಪ್ಟೆಂಬರಿನಲ್ಲಿ ಮಾರುಕಟ್ಟೆಯಿಂದ ಹಿಂದೆ ಸರಿಯಿತು. ಆ ಲೇಖನ ಪ್ರಕಟಿಸಿದ್ದ ವೈದ್ಯಕೀಯ ಪತ್ರಿಕೆ ತನ್ನ ಕಳವಳವನ್ನು ಬರೆದದ್ದು 2005ರ ಡಿಸೆಂಬರಿನಲ್ಲಿ.

ಹಾಗಾದರೆ ಸರ್ಕಾರಿ ಹಣ ಗಂಗಾಜಲವೇ? ಅಲ್ಲ. ಮಿತವಾದ ಮದ್ಯಪಾನ ಹೃದಯಕ್ಕೆ ಒಳ್ಳೆಯದೇ ಎಂದು ನೋಡಲು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಹೆಸರಿನಲ್ಲಿ ಹೊರಟ ದೊಡ್ಡ ಪ್ರಯೋಗಕ್ಕೆ ಬಹುಪಾಲು ಹಣ ಬರಬೇಕಿದ್ದದ್ದು ಮದ್ಯದ ಕಂಪನಿಗಳಿಂದ, ಒಂದು ಪ್ರತಿಷ್ಠಾನದ ಮೂಲಕ. ಅವಧಿ ಎಷ್ಟಿತ್ತೆಂದರೆ ಲಾಭವೇನಾದರೂ ಇದ್ದರೆ ಕಾಣಬಹುದು, ಕ್ಯಾನ್ಸರ್‌ನಂಥ ಹಾನಿ ಕಾಣುವಷ್ಟು ಉದ್ದವಲ್ಲ. ವಿಷಯ ಹೊರಬಿದ್ದು 2018ರ ಜೂನ್‌ನಲ್ಲಿ ಅದನ್ನು ರದ್ದುಮಾಡಿದರು. ಇನ್ನು ಸರ್ಕಾರಿ ಹಣ ಪಡೆದ ಸಂಶೋಧಕರಿಗೂ ಬಡ್ತಿ ಬೇಕು, ಹೆಸರು ಬೇಕು, ಮುಂದಿನ ಅನುದಾನ ಬೇಕು. ಗೆದ್ದ ಪ್ರಯೋಗಕ್ಕೆ ಇವೆಲ್ಲ ಬೇಗ ಸಿಗುತ್ತವೆ.

ಈ ಇಡೀ ಚರ್ಚೆಯಲ್ಲಿ ನನಗೆ ಅತಿ ಮುಖ್ಯವೆನಿಸುವ ಅಂಕಿಗಳು ಇಲ್ಲಿವೆ. ಅಮೆರಿಕದ ಸರ್ಕಾರಿ ಹೃದಯ ಸಂಸ್ಥೆ ಹಣ ಹಾಕಿದ 55 ದೊಡ್ಡ ಪ್ರಯೋಗಗಳನ್ನು ರಾಬರ್ಟ್ ಕಪ್ಲಾನ್ ಮತ್ತು ವೆರೋನಿಕಾ ಇರ್ವಿನ್ 2015ರಲ್ಲಿ ಪರಿಶೀಲಿಸಿದರು. 2000ಕ್ಕೆ ಮೊದಲು ಪ್ರಕಟವಾದ 30ರಲ್ಲಿ 17 ಪ್ರಯೋಗಗಳು ಲಾಭ ತೋರಿಸಿದ್ದವು. ಆ ಮೇಲಿನ 25ರಲ್ಲಿ ಎರಡೇ ಎರಡು. ಹಣದ ಮೂಲ ಎರಡೂ ಕಾಲದಲ್ಲಿ ಒಂದೇ. ಕಂಪನಿ ಸಹಪ್ರಾಯೋಜಕತ್ವ ಇತ್ತೇ ಇಲ್ಲವೇ ಎಂಬುದೂ ವ್ಯತ್ಯಾಸ ತರಲಿಲ್ಲ. ಬದಲಾದದ್ದು ಏನೆಂದರೆ, ಮುಖ್ಯವಾಗಿ ಏನನ್ನು ಅಳೆಯುತ್ತೇವೆ ಎಂಬುದನ್ನು ಮೊದಲೇ ಸಾರ್ವಜನಿಕ ನೋಂದಣಿಯಲ್ಲಿ ಬರೆದಿಡಬೇಕಾಯಿತು. ಬೇರೆ ಕಾರಣಗಳೂ ಸೇರಿರಬಹುದು; ಉತ್ತಮ ಔಷಧಗಳು ಆಗಲೇ ಬಳಕೆಯಲ್ಲಿದ್ದಾಗ ಅವನ್ನೂ ಮೀರಿಸುವುದು ಕಷ್ಟ. ಆದರೂ ಬಾಣ ಬಿಟ್ಟ ಮೇಲೆ ಗುರಿಯ ವೃತ್ತ ಬರೆಯುವ ಸ್ವಾತಂತ್ರ್ಯ ತಪ್ಪಿದಾಗ ಗುರಿಕಾರರ ಸಂಖ್ಯೆ ಇಳಿಯಿತು ಎಂಬ ಅನುಮಾನ ಬಲವಾಗಿಯೇ ಉಳಿಯುತ್ತದೆ. ಆ ಸ್ವಾತಂತ್ರ್ಯ ಎಲ್ಲಿಯವರೆಗೆ ಒಯ್ಯಬಹುದು ಎಂದು 1988ರ ಐಸಿಸ್-2 ತಂಡ ತಮಾಷೆಯಾಗಿಯೇ ತೋರಿಸಿತ್ತು. 17,187 ರೋಗಿಗಳಲ್ಲಿ ಆಸ್ಪಿರಿನ್ ಸ್ಪಷ್ಟವಾಗಿ ಜೀವ ಉಳಿಸಿತ್ತು. ರೋಗಿಗಳನ್ನು ಪಾಶ್ಚಾತ್ಯ ಜನ್ಮರಾಶಿಯ ಪ್ರಕಾರ ವಿಂಗಡಿಸಿದಾಗ, ಮಿಥುನ ಮತ್ತು ತುಲಾ ರಾಶಿಯವರಿಗೆ ಮಾತ್ರ ಉಪಯೋಗ ಕಾಣಲಿಲ್ಲ. ‘ಮಹಿಳೆಯರಲ್ಲಿ ವಿಶೇಷ ಲಾಭ’, ‘65 ದಾಟಿದವರಲ್ಲಿ ವಿಶೇಷ ಲಾಭ’ ಎಂಬ ಉಪಗುಂಪಿನ ಸುದ್ದಿ ಬಂದಾಗಲೆಲ್ಲ ಈ ತುಲಾ ರಾಶಿಯವರನ್ನು ನೆನೆಸಿಕೊಳ್ಳುವುದು ಒಳ್ಳೆಯದು.

ಹಣ ಮಾಡುವ ಅತಿ ದೊಡ್ಡ ಪ್ರಭಾವ ಪ್ರಕಟವಾದ ಪ್ರಯೋಗಗಳಲ್ಲಿ ಕಾಣುವುದೇ ಇಲ್ಲ. ಅದು ನಡೆಯದೇ ಉಳಿದ ಪ್ರಯೋಗಗಳಲ್ಲಿದೆ. ಮಾತ್ರೆಯೊಂದನ್ನು ನಿಲ್ಲಿಸಿದರೆ ಏನಾಗುತ್ತದೆ ಎಂದು ಯಾವ ತಯಾರಕರೂ ಕೇಳುವುದಿಲ್ಲ. ಹೃದಯಾಘಾತವಾದವರಿಗೆಲ್ಲ ದಶಕಗಳಿಂದ ಬೀಟಾ ಬ್ಲಾಕರ್ ಕೊಡುತ್ತಿದ್ದರು. ಹೃದಯದ ಪಂಪಿಂಗ್ ಶಕ್ತಿ ಸರಿಯಿದ್ದವರಿಗೂ ಅದು ಬೇಕೇ ಎಂದು ಕೇಳಿದ್ದು 2024ರ ರೆಡ್ಯೂಸ್-ಎಎಂಐ ಪ್ರಯೋಗ, ಸ್ವೀಡನ್ನಿನ ಸಾರ್ವಜನಿಕ ಹಣದಲ್ಲಿ. 5,020 ಜನ, ಸಾವು ಅಥವಾ ಮತ್ತೊಂದು ಹೃದಯಾಘಾತ ಮಾತ್ರೆ ಪಡೆದವರಲ್ಲಿ ಶೇ 7.9, ಪಡೆಯದವರಲ್ಲಿ ಶೇ 8.3, ಲೆಕ್ಕಕ್ಕೆ ಬರುವ ವ್ಯತ್ಯಾಸವಿಲ್ಲ. ಗೌಟ್ ಎಂಬ ಕೀಲುನೋವಿನ ಕಾಯಿಲೆಯ ಹಳೆಯ ಅಗ್ಗದ ಮಾತ್ರೆ ಕಾಲ್ಚಿಸಿನ್ ಹೃದಯಕ್ಕೂ ಆದೀತೇ ಎಂದು 2019ರಲ್ಲಿ 4,745 ಜನರ ಕಾಲ್ಕಾಟ್ ಪ್ರಯೋಗ ನೋಡಲು ಸಾಧ್ಯವಾದದ್ದು ಕೆನಡಾದ ಸರ್ಕಾರಿ ಹಣದಿಂದ. ಇಂಥವು ದುಬಾರಿಯಾಗಲೇಬೇಕೆಂದಿಲ್ಲ. ರಕ್ತನಾಳದ ಹೆಪ್ಪನ್ನು ಹೀರಿ ತೆಗೆಯುವ ಸಾಧನವನ್ನು ಪರೀಕ್ಷಿಸಿದ ಟೇಸ್ಟ್ ಪ್ರಯೋಗ 2013ರಲ್ಲಿ ಆಸ್ಪತ್ರೆಗಳ ದಾಖಲಾತಿ ವ್ಯವಸ್ಥೆಯೊಳಗೇ ರೋಗಿಗಳನ್ನು ಹಂಚಿ, 7,244 ಜನರನ್ನು ಹಿಂಬಾಲಿಸಿತು. ತಗುಲಿದ ಹೆಚ್ಚುವರಿ ವೆಚ್ಚ ತಲೆಗೆ ಸುಮಾರು 50 ಡಾಲರ್. ಸಾಧನದಿಂದ ಸಾವು ಇಳಿಯಲಿಲ್ಲ.

ಹಣ ಕಂಪನಿಯದಾದರೂ ಕೈ ಬೇರೆಯವರದಾಗಿರುವ ಮಾದರಿಯೂ ಇದೆ. ಅನಸೆಟ್ರಾಪಿಬ್ ಎಂಬ ಕೊಲೆಸ್ಟರಾಲ್ ಔಷಧದ ರಿವೀಲ್ ಪ್ರಯೋಗಕ್ಕೆ ಮರ್ಕ್ ಹಣ ಹಾಕಿತು. ನಡೆಸಿದ್ದು, ದತ್ತಾಂಶ ಇಟ್ಟುಕೊಂಡದ್ದು, ಲೆಕ್ಕ ಹಾಕಿದ್ದು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ತಂಡ. 30,449 ಜನರಲ್ಲಿ ಹೃದಯದ ದೊಡ್ಡ ತೊಂದರೆಗೆ ಸಿಲುಕಿದವರ ಪ್ರಮಾಣ ಶೇ 11.8ರಿಂದ ಶೇ 10.8ಕ್ಕೆ ಇಳಿಯಿತು. 2017ರಲ್ಲಿ ಪ್ರಕಟವೂ ಆಯಿತು. ಮಾರುವಷ್ಟು ಲಾಭವಿಲ್ಲವೆಂದು ಕಂಪನಿ ಔಷಧವನ್ನು ಅಲ್ಲಿಗೇ ಬಿಟ್ಟಿತು.

ಆದ್ದರಿಂದ ಸಂಪಾದಕರೇ, ನಿಮ್ಮ ವರದಿಗಾರರಿಗೆ ಕೆಲವು ಸಣ್ಣ ಕೆಲಸಗಳನ್ನು ಹೇಳಿ, ಒಟ್ಟು ಅರ್ಧ ಗಂಟೆ ಹಿಡಿಯುತ್ತದೆ. ಪ್ರತಿ ಲೇಖನದ ಸಾರಾಂಶದ ಕೊನೆಯಲ್ಲಿ ನೋಂದಣಿ ಸಂಖ್ಯೆ ಇರುತ್ತದೆ. ಅದನ್ನು ವಿಶ್ವ ಆರೋಗ್ಯ ಸಂಸ್ಥೆಯ ಹುಡುಕು ತಾಣದಲ್ಲೋ ಅಮೆರಿಕದ ಕ್ಲಿನಿಕಲ್‌ಟ್ರಯಲ್ಸ್ ತಾಣದಲ್ಲೋ ಹಾಕಿದರೆ ಪ್ರಯೋಗದ ಮೂಲ ಯೋಜನೆ ಸಿಗುತ್ತದೆ. ಎರಡನೆಯದರಲ್ಲಿ ತಿದ್ದುಪಡಿಗಳ ಚರಿತ್ರೆಯೂ ಇರುತ್ತದೆ: ಮುಖ್ಯ ಅಳತೆ ಬದಲಾಗಿದೆಯೇ, ಬದಲಾದದ್ದು ಪ್ರಯೋಗ ಮುಗಿಯುವ ಮುನ್ನವೋ ನಂತರವೋ ನೋಡಬೇಕು. ಲೇಖನದ ವಿಧಾನ ಭಾಗದಲ್ಲಿ ಪ್ರಾಯೋಜಕರ ಪಾತ್ರ ಎಂಬ ಸಾಲಿರುತ್ತದೆ. ‘ಹಣ ಕೊಟ್ಟರು’ ಎಂದಷ್ಟೇ ಇದ್ದರೆ ಒಂದು ಬಗೆ. ‘ವಿನ್ಯಾಸ, ದತ್ತಾಂಶ ಸಂಗ್ರಹ, ವಿಶ್ಲೇಷಣೆ, ಬರವಣಿಗೆಯ ನೆರವು’ ಎಂದಿದ್ದರೆ ಬೇರೆಯೇ ಬಗೆ. ರೋಗಿಗಳ ಹರಿವಿನ ಚಿತ್ರದಲ್ಲಿ ಎಷ್ಟು ಜನ ಹೊರಬಿದ್ದರು, ಎಷ್ಟು ಜನರ ಸುಳಿವೇ ಸಿಗಲಿಲ್ಲ ಎಂಬುದು ಇರುತ್ತದೆ. ಎರಡು ಗುಂಪುಗಳ ನಡುವಿನ ವ್ಯತ್ಯಾಸ ನೂರಕ್ಕೆ ಇಬ್ಬರಾಗಿದ್ದು, ಸುಳಿವು ಸಿಗದವರು ನೂರಕ್ಕೆ ಹತ್ತಾಗಿದ್ದರೆ ಶೀರ್ಷಿಕೆಗೆ ಅವಸರ ಬೇಡ. ಬುಟ್ಟಿಯ ಅಳತೆಯಾದರೆ ಸಾವಿನ ಸಾಲನ್ನು ಬೇರೆಯಾಗಿ ಓದಿ. ಎದುರಾಳಿಯ ಹೆಸರು, ಡೋಸ್ ಬರೆದುಕೊಳ್ಳಿ.

ಸಾರಾಂಶವೊಂದನ್ನೇ ಓದಿ ಬರೆಯುವುದಂತೂ ಬೇಡವೇ ಬೇಡ. 2015ರಿಂದ 2017ರ ನಡುವೆ ಆರು ಪ್ರಮುಖ ವೈದ್ಯಕೀಯ ಪತ್ರಿಕೆಗಳಲ್ಲಿ ಬಂದ, ಮುಖ್ಯ ಅಳತೆಯಲ್ಲಿ ಗೆಲ್ಲದ 93 ಹೃದ್ರೋಗ ಪ್ರಯೋಗಗಳನ್ನು ಪರಿಶೀಲಿಸಿದಾಗ, ಶೇ 57ರ ಸಾರಾಂಶದಲ್ಲಿ ಸೋಲಿಗೆ ಬಣ್ಣ ಬಳಿದಿತ್ತು. ಬಳಿದವರು ಬರೀ ಕಂಪನಿಯವರಲ್ಲ.

ವರದಿಯ ಕೆಳಗೆ ನಾಲ್ಕು ಸಾಲಿನ ಚೌಕಟ್ಟೊಂದು ಸಾಕು: ಹಣ ಯಾರದು ಮತ್ತು ದತ್ತಾಂಶ ಯಾರ ಕೈಯಲ್ಲಿದೆ; ಹೋಲಿಸಿದ್ದು ಯಾವುದರೊಂದಿಗೆ, ಯಾವ ಡೋಸ್‌ನಲ್ಲಿ; ಮೊದಲೇ ಘೋಷಿಸಿದ ಅಳತೆ ಇದೇ ಹೌದೇ; ನೂರು ಜನರಲ್ಲಿ ಎಷ್ಟು ಜನರಿಗೆ, ಎಷ್ಟು ವರ್ಷದಲ್ಲಿ ಲಾಭ. ಹೃದ್ರೋಗ ತಜ್ಞರ ದೊಡ್ಡ ಸಮ್ಮೇಳನಗಳು ನಡೆಯುವ ವಾರ ಕಂಪನಿಗಳ ಪ್ರಕಟಣೆ ಮಾತ್ರ ಕೈಗೆ ಬಂದು ಪೂರ್ಣ ಲೇಖನ ಇನ್ನೂ ಬಂದಿರದಿದ್ದರೆ, ಈ ಚೌಕಟ್ಟನ್ನು ತುಂಬಲು ಆಗುವುದಿಲ್ಲ. ಆಗ ಸುದ್ದಿಯನ್ನು ಲೇಖನ ಬರುವವರೆಗೆ ತಡೆಹಿಡಿಯಿರಿ, ಇಲ್ಲವೇ ಚೌಕಟ್ಟನ್ನು ಖಾಲಿ ಬಿಟ್ಟೇ ಅಚ್ಚುಹಾಕಿ.

ಇಂತಿ,
ನಿಮ್ಮ ಓದುಗ